ಅಮೆರಿಕದಲ್ಲಿ ಜ್ವರದ ಮಾತ್ರೆ: ಡಬ್ಬಿಯ ಹಿಂಬದಿ ಓದದೆ ನುಂಗಬೇಡಿ

ಟೈಲೆನಾಲ್ ಅಂದರೆ ನಮ್ಮ ಡೋಲೋ, ಕ್ರೋಸಿನ್‌ನಲ್ಲಿರುವ ಔಷಧಿಯೇ ಅಂತ ಇಲ್ಲಿಗೆ ಬಂದ ಮೊದಲ ವಾರದಲ್ಲೇ ಯಾರಾದರೂ ಹೇಳಿಬಿಡುತ್ತಾರೆ. ಡಾಕ್ಟರ ಚೀಟಿ ಬೇಡ, ದಿನಸಿ ಅಂಗಡಿಯಲ್ಲೂ ಸಿಗುತ್ತದೆ ಅನ್ನುವುದೂ ಗೊತ್ತಿರುತ್ತದೆ. ಯಾರೂ ಹೇಳದೆ ಬಿಡುವ ವಿಷಯ ಬೇರೆ ಇದೆ. ನಾವು ಪ್ಯಾರಸಿಟಮಾಲ್ ಅನ್ನುವುದಕ್ಕೆ ಇಲ್ಲಿನ ಹೆಸರು ಅಸಿಟಮಿನೊಫೆನ್. ಅದು ಇರುವುದು ಟೈಲೆನಾಲ್ ಡಬ್ಬಿಯಲ್ಲಿ ಮಾತ್ರ ಅಲ್ಲ. ಶೀತದ ಸಿರಪ್, ಕೆಮ್ಮಿನ ಕ್ಯಾಪ್ಸೂಲ್, ತಲೆನೋವಿನ ಮಾತ್ರೆ, ನಿದ್ದೆ ಬರಿಸುವ ಮಾತ್ರೆಗಳಲ್ಲೂ ಸೇರಿಕೊಂಡಿರುತ್ತದೆ.

ಪರಿಚಯದವರೊಬ್ಬರ ಮನೆಗೆ ಚಳಿಗಾಲದಲ್ಲಿ ಊರಿಂದ ಅತ್ತೆ ಬಂದಿದ್ದರು. ಬಂದವರಿಗೆ ಜ್ವರ, ನೆಗಡಿ. ಜ್ವರಕ್ಕೆ ತಾವೇ ತಂದಿದ್ದ ಡೋಲೋ 650, ದಿನಕ್ಕೆ ಮೂರು ಹೊತ್ತು. ಮಂಡಿ ನೋವಿಗೆ ಮಗ ತಂದುಕೊಟ್ಟ ಆರ್ಥ್ರೈಟಿಸ್ ಮಾತ್ರೆ, ಬೆಳಿಗ್ಗೆ ಎರಡು, ಸಂಜೆ ಎರಡು. ಕೆಮ್ಮಿಗೆ ಸೊಸೆ ಕೊಟ್ಟ ರಾತ್ರಿ ಸಿರಪ್, ಒಂದು ಅಳತೆ. ಒಂದೊಂದನ್ನೇ ನೋಡಿದರೆ ಯಾವುದೂ ಜಾಸ್ತಿ ಅಲ್ಲ. ಕೂಡಿಸಿ ನೋಡಿ. ಡೋಲೋದಿಂದ 1950 ಮಿಲಿಗ್ರಾಂ. ಆರ್ಥ್ರೈಟಿಸ್ ಮಾತ್ರೆ ಒಂದೊಂದರಲ್ಲೂ 650, ನಾಲ್ಕಕ್ಕೆ 2600. ಸಿರಪ್‌ನಲ್ಲಿ 650. ಒಟ್ಟು 5200. ದೊಡ್ಡವರಿಗೆ ಇಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುವ ದಿನದ ಗರಿಷ್ಠ ಮಿತಿ 4000. ಮೂರು ಬೇರೆ ಬೇರೆ ಕಾಯಿಲೆಗೆ ಮೂರು ಬೇರೆ ಔಷಧಿ ಕೊಡುತ್ತಿದ್ದೇವೆ ಅಂತ ಆ ಮನೆಯವರು ನಂಬಿದ್ದರು. ಕೊಡುತ್ತಿದ್ದದ್ದು ಒಂದೇ ಔಷಧಿ.

ಸೊಸೆಗೆ ಅನುಮಾನ ಬಂದಿದ್ದು ನಾಲ್ಕನೇ ದಿನ. ಲಿವರ್ ಪರೀಕ್ಷೆ ಆಯಿತು, ಪುಣ್ಯಕ್ಕೆ ಏನೂ ಆಗಿರಲಿಲ್ಲ. ಆದರೆ ಎಮರ್ಜೆನ್ಸಿಯ ಬಿಲ್ ಬಂತು. ವಿಸಿಟರ್ ಇನ್ಶೂರೆನ್ಸ್ ಕೊಟ್ಟಿದ್ದು ಅರೆಬರೆ, ಉಳಿದದ್ದೆಲ್ಲ ಮಗನ ಕೈಯಿಂದಲೇ ಹೋಯಿತು. ಇದೇ ಕತೆ ಸ್ವಲ್ಪ ಆಚೀಚೆಯಾಗಿ ಮನೆಮನೆಯಲ್ಲೂ ನಡೆಯುತ್ತಿರುವುದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ಮಿತಿ ದಾಟಿದರೆ ಏನಾಗುತ್ತದೆ? ಈ ಔಷಧಿಯ ಸ್ವಲ್ಪ ಭಾಗ ಲಿವರ್‌ನಲ್ಲಿ ವಿಷವಾಗಿ ಬದಲಾಗುತ್ತದೆ. ಗ್ಲುಟಥಯೋನ್ ಅನ್ನುವ ವಸ್ತು ಅದನ್ನು ಆಗಿಂದಾಗ್ಗೆ ನಿಷ್ಕ್ರಿಯ ಮಾಡುತ್ತದೆ. ಔಷಧಿ ಜಾಸ್ತಿಯಾದಾಗ ಗ್ಲುಟಥಯೋನ್ ಖಾಲಿಯಾಗುತ್ತದೆ, ವಿಷ ಲಿವರ್‌ನ ಜೀವಕೋಶಗಳನ್ನೇ ಕೊಲ್ಲಲು ಶುರು ಮಾಡುತ್ತದೆ. ಭಯಪಡಬೇಕಾದ ಮಾತೆಂದರೆ ಮೊದಲ ದಿನ ಏನೂ ಗೊತ್ತಾಗದೇ ಇರಬಹುದು. ಹೊಟ್ಟೆ ತೊಳಸಿದ ಹಾಗಾಗಿ ಸುಮ್ಮನಾಗಬಹುದು. ಎನ್-ಅಸಿಟೈಲ್‌ಸಿಸ್ಟೀನ್ ಅನ್ನುವ ಒಳ್ಳೆಯ ಪ್ರತಿಮದ್ದು ಇದೆ. ಒಟ್ಟಿಗೆ ಜಾಸ್ತಿ ನುಂಗಿದ್ದರೆ ಎಂಟು ಗಂಟೆಯೊಳಗೆ ಅದು ಸಿಕ್ಕರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ "ಚೆನ್ನಾಗೇ ಇದ್ದಾರಲ್ಲ, ಬೆಳಿಗ್ಗೆ ನೋಡೋಣ" ಅಂತ ಕೂರಬೇಡಿ.

ಇಲ್ಲಿ 1-800-222-1222 ಅಂತ ಒಂದು ನಂಬರ್ ಇದೆ, ಪಾಯ್ಸನ್ ಕಂಟ್ರೋಲ್. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಹಣ ಕೇಳುವುದಿಲ್ಲ, ಇನ್ಶೂರೆನ್ಸ್ ಬೇಕಿಲ್ಲ. ಯಾರು, ಯಾವಾಗ, ಎಷ್ಟು ಮಿಲಿಗ್ರಾಂ ತೆಗೆದುಕೊಂಡರು, ತೂಕ ಎಷ್ಟು ಅಂತ ಕೇಳಿ, ಮನೆಯಲ್ಲೇ ಇರಬಹುದೋ ಆಸ್ಪತ್ರೆಗೆ ಹೋಗಬೇಕೋ ಹೇಳುತ್ತಾರೆ. ಅಮೆರಿಕದ ಆರೋಗ್ಯ ವ್ಯವಸ್ಥೆಯ ಬಗ್ಗೆ ನನಗೆ ಬೇಕಾದಷ್ಟು ದೂರುಗಳಿವೆ. ಆದರೆ ಈ ಒಂದು ಸೇವೆಗೆ ಕೈ ಮುಗಿಯುತ್ತೇನೆ. ಎಚ್ಚರ ತಪ್ಪಿದ್ದರೆ, ಉಸಿರಾಟ ಕಷ್ಟವಾಗಿದ್ದರೆ ಮಾತ್ರ ನೇರವಾಗಿ 911.

ಇನ್ನು ಡಬ್ಬಿ ಓದುವ ವಿಷಯ. ಹಿಂಬದಿಯಲ್ಲಿ 'ಡ್ರಗ್ ಫ್ಯಾಕ್ಟ್ಸ್' ಅನ್ನುವ ಚೌಕ ಇರುತ್ತದೆ. ಅದರ ಮೊದಲ ಸಾಲೇ 'ಆಕ್ಟಿವ್ ಇನ್‌ಗ್ರೀಡಿಯೆಂಟ್'. ಎಲ್ಲ ಕಂಪನಿಯವರೂ ಅದೇ ಜಾಗದಲ್ಲಿ, ಅದೇ ಕ್ರಮದಲ್ಲಿ ಬರೆಯಲೇಬೇಕು. ನಮ್ಮ ಸ್ಟ್ರಿಪ್‌ಗಳ ಹಿಂದೆ ಮಿನುಗುವ ಹಾಳೆಯ ಮೇಲಿನ ಇರುವೆಯಂಥ ಅಕ್ಷರಗಳಿಗಿಂತ ಇದು ಎಷ್ಟೋ ಮೇಲು. ಶೀತಕ್ಕೆ ನುಂಗುವ ಡೇಕ್ವಿಲ್ ಲಿಕ್ವಿಕ್ಯಾಪ್ ಒಂದರಲ್ಲಿ 325 ಮಿಲಿಗ್ರಾಂ ಅಸಿಟಮಿನೊಫೆನ್ ಇದೆ, ಒಮ್ಮೆಗೆ ಎರಡು ನುಂಗುವುದು. ತಲೆನೋವಿನ ಮಾತ್ರೆ ಎಕ್ಸೆಡ್ರಿನ್ ಎಕ್ಸ್‌ಟ್ರಾ ಸ್ಟ್ರೆಂತ್‌ನಲ್ಲಿ 250, ಜೊತೆಗೆ ಆಸ್ಪಿರಿನ್ ಮತ್ತು ಕೆಫೀನ್ ಕೂಡ. ಹಲ್ಲು ಕೀಳಿಸಿದ ಮೇಲೆ ಬರೆದುಕೊಡುವ ಬಲವಾದ ನೋವಿನ ಮಾತ್ರೆಗಳಲ್ಲೂ ಇರಬಹುದು. ಆ ಡಬ್ಬಿಯ ಮೇಲೆ ಕೆಲವೊಮ್ಮೆ 'ಎಪಿಎಪಿ' ಅಂತ ನಾಲ್ಕೇ ಅಕ್ಷರ ಹಾಕಿರುತ್ತಾರೆ. ಅದೂ ಇದೇ. ಊರಿಂದ ತಂದ ಕಾಂಬಿಫ್ಲಾಮ್, ಸಿನಾರೆಸ್ಟ್ ಕೂಡ ಲೆಕ್ಕಕ್ಕೆ ಸೇರಬೇಕು.

650 ಅನ್ನುವ ಅಂಕಿ ನೋಡಿ ಮೋಸ ಹೋಗಬೇಡಿ. ಡೋಲೋ 650 ಬೇಗ ಕರಗುತ್ತದೆ. ಇಲ್ಲಿನ ಎಂಟು ಗಂಟೆಯ ಆರ್ಥ್ರೈಟಿಸ್ ಮಾತ್ರೆಯ ಒಂದು ಭಾಗ ನಿಧಾನವಾಗಿ ಬಿಡುಗಡೆಯಾಗುತ್ತದೆ. ಅದನ್ನು ಮುರಿಯಬಾರದು, ಅಗಿಯಬಾರದು.

4000 ಅನ್ನುವುದು ದಿನಾ ಮುಟ್ಟಬೇಕಾದ ಗುರಿ ಅಲ್ಲ. ಟೈಲೆನಾಲ್ ಎಕ್ಸ್‌ಟ್ರಾ ಸ್ಟ್ರೆಂತ್ ಡಬ್ಬಿಯೇ ಡಾಕ್ಟರು ಹೇಳದಿದ್ದರೆ 3000ಕ್ಕೆ ನಿಲ್ಲಿಸಿ ಅನ್ನುತ್ತದೆ, ಅಂದರೆ 500ರ ಆರು ಮಾತ್ರೆ. ಸಣಕಲು ಮೈಯ ವಯಸ್ಸಾದವರು, ಊಟ ಸೇರದೆ ಮಲಗಿದವರು, ಲಿವರ್ ತೊಂದರೆ ಇರುವವರು, ದಿನಾ ಕುಡಿಯುವವರು ಅದಕ್ಕಿಂತಲೂ ಕಡಿಮೆಯಲ್ಲಿರಬೇಕು, ಡಾಕ್ಟರನ್ನು ಕೇಳಿಯೇ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರು ಇದನ್ನು ದಿನಾ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಆಡ್ವಿಲ್, ಅಲೀವ್ ಅನ್ನುವ ನೋವಿನ ಮಾತ್ರೆಗಳು ಬೇರೆಯೇ ಗುಂಪಿನವು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರು ಅವುಗಳನ್ನು ಕೇಳದೆ ಮುಟ್ಟಬಾರದು.

ಮಕ್ಕಳ ಸಿರಪ್ ಇಲ್ಲಿ 5 ಮಿಲಿಲೀಟರ್‌ಗೆ 160 ಮಿಲಿಗ್ರಾಂ. ಊರಲ್ಲಿ 5 ಮಿಲಿಲೀಟರ್‌ಗೆ 120, 125, 250 ಅಂತ ಬೇರೆ ಬೇರೆ ಸಿಗುತ್ತವೆ, ಹನಿ ಔಷಧಿ ಇನ್ನೂ ಗಟ್ಟಿ. ಊರಿನ ಬಾಟಲಿಗೆ ಇಲ್ಲಿನ ಅಳತೆ, ಇಲ್ಲಿನ ಬಾಟಲಿಗೆ ಊರಿನ ಡಾಕ್ಟರ ಅಳತೆ ಬೇಡವೇ ಬೇಡ. ಮಗುವಿನ ತೂಕ ಹೇಳಿ ಪೀಡಿಯಾಟ್ರಿಶಿಯನ್ ನರ್ಸ್ ಹತ್ತಿರ ಮಿಲಿಲೀಟರ್ ಲೆಕ್ಕ ಬರೆದುಕೊಳ್ಳಿ. ಅಡುಗೆಮನೆಯ ಚಮಚ ಬೇಡ, ಬಾಟಲಿ ಜೊತೆ ಬಂದ ಸಿರಿಂಜ್ ಬಳಸಿ. ಮೂರು ತಿಂಗಳು ತುಂಬದ ಕೂಸಿಗೆ 100.4 ಫ್ಯಾರನ್‌ಹೀಟ್ ಜ್ವರ ಬಂದರೆ ಔಷಧಿ ಕೊಡುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ.

ದೊಡ್ಡ ಅಂಗಡಿಗಳಲ್ಲಿ ನೂರಾರು ಮಾತ್ರೆಗಳ ಡಬ್ಬಿ ಅಗ್ಗ ಅಂತ ಎಲ್ಲರೂ ಕೊಳ್ಳುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಬ್ರಿಟನ್‌ನಲ್ಲಿ 1998ರಿಂದ ಸಾಮಾನ್ಯ ಅಂಗಡಿಯವರು 16 ಮಾತ್ರೆಗಿಂತ ದೊಡ್ಡ ಪ್ಯಾಕ್ ಮಾರುವಂತಿಲ್ಲ. ಆ ಪದ್ಧತಿ ಒಳ್ಳೆಯದು. ನಮ್ಮ ಸ್ಟ್ರಿಪ್ ಕೂಡ ಈ ಡಬ್ಬಿಗಿಂತ ವಾಸಿ, ಎಷ್ಟು ನುಂಗಿದ್ದೀರಿ ಅಂತ ಖಾಲಿ ಗುಳಿ ನೋಡಿದರೇ ಗೊತ್ತಾಗುತ್ತದೆ. ಡಬ್ಬಿಯಲ್ಲಿ ಆ ಲೆಕ್ಕ ಸಿಗುವುದಿಲ್ಲ. ಹಾಗಾಗಿ ಮನೆಯಲ್ಲಿ ಯಾರಾದರೂ ಮಲಗಿದರೆ ಹೊತ್ತು ಮತ್ತು ಮಿಲಿಗ್ರಾಂ ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಸಣ್ಣ ಡಬ್ಬಿಯನ್ನೇ ಕೊಳ್ಳಿ, ಅಂಗಡಿಯ ಸ್ವಂತ ಬ್ರ್ಯಾಂಡ್ ಸಾಕು, ಒಳಗಿರುವ ಔಷಧಿ ಅದೇ. ಬಿಲ್ ಎಸೆಯಬೇಡಿ. 2020ರಿಂದ ಎಫ್‌ಎಸ್‌ಎ, ಎಚ್‌ಎಸ್‌ಎ (ಆರೋಗ್ಯದ ಖರ್ಚಿಗೆ ತೆರಿಗೆ ಇಲ್ಲದೆ ಎತ್ತಿಡುವ ಖಾತೆಗಳು) ಹಣದಲ್ಲಿ ಇವನ್ನು ಡಾಕ್ಟರ ಚೀಟಿ ಇಲ್ಲದೆಯೂ ಕೊಳ್ಳಬಹುದು.