ಡೆಬಿಯನ್ ವಿಎಂ ಲೋಗೋದಲ್ಲೇ ನಿಂತಿದ್ದಕ್ಕೆ ಕಾರಣ ಎಫ್‌ಎಸ್‌ಟ್ಯಾಬ್

ಚಿಕ್ಕಮಗಳೂರಿನ ನಮ್ಮ ಕಾಫಿ ಕ್ಯೂರಿಂಗ್ ಆಫೀಸಿನ ಲೆಕ್ಕವೆಲ್ಲ ವರ್ಚುವಲ್‌ಬಾಕ್ಸ್‌ನ ಡೆಬಿಯನ್ ಲಿನಕ್ಸ್‌ನಲ್ಲಿದೆ. ಬ್ಯಾಕಪ್‌ಗಿದ್ದ ಎರಡನೇ ಡಿಸ್ಕ್ ತೆಗೆದ ಮೇಲೆ ಆ ವಿಎಂ (ಕಂಪ್ಯೂಟರಿನೊಳಗೆ ನಡೆಯುವ ಇನ್ನೊಂದು ಕಂಪ್ಯೂಟರ್) ಲೋಗೋ ತೋರಿಸಿ ಅಲ್ಲೇ ನಿಲ್ಲುತ್ತಿತ್ತು. ರ‍್ಯಾಮ್ ಜಾಸ್ತಿ ಮಾಡಿದೆ, ಗ್ರಾಫಿಕ್ಸ್ ಕಂಟ್ರೋಲರ್ ಬದಲಿಸಿದೆ, ಹಳೇ ಕರ್ನಲ್ ಹಾಕಿ ನೋಡಿದೆ. ಊಹೂಂ.

ಬೂಟ್ ಆಗುವಾಗ ಮೊದಲು ಬರುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನಿಂದ ‘ಕ್ವಯಟ್ ಸ್ಪ್ಲಾಶ್’ ಅಳಿಸಿ, ಕಂಟ್ರೋಲ್-ಎಕ್ಸ್ ಒತ್ತಿ. ಮೊದಲು ಇದನ್ನೇ ಮಾಡಿ. ಸುಮ್ನೆ ಲೋಗೋ ನೋಡುತ್ತಾ ಕೂತರೆ ಏನೂ ಗೊತ್ತಾಗಲ್ಲ. ‘ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’ ಅಂತ, ತೆಗೆದ ಡಿಸ್ಕಿನ ಯುಯುಐಡಿ (ಗುರುತಿನ ಸಂಖ್ಯೆ) ಬಂತು. ಪಕ್ಕದಲ್ಲಿ 1 ನಿಮಿಷ 30 ಸೆಕೆಂಡಿನ ಗಡುವು. ಅದು ಮುಗಿದರೆ ಎಮರ್ಜೆನ್ಸಿ ಮೋಡ್. ರೂಟ್ ಪಾಸ್‌ವರ್ಡ್ ಕೊಟ್ಟು, ಬೂಟ್ ಆಗುವಾಗ ಯಾವ ಡಿಸ್ಕ್ ಜೋಡಿಸಬೇಕೆಂದು ಹೇಳುವ, ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ ಅನ್ನು ನ್ಯಾನೋ ಎಡಿಟರಿನಲ್ಲಿ ತೆರೆದೆ. ಆ ಯುಯುಐಡಿಯ ಸಾಲಿನ ಮುಂದೆ # ಹಾಕಿ (ಆಗ ಆ ಸಾಲು ಲೆಕ್ಕಕ್ಕಿಲ್ಲ), ಸೇವ್ ಮಾಡಿ, ರೀಬೂಟ್ ಮಾಡಿದೆ. ಲಾಗಿನ್ ಬಂತು.

ಡಿಸ್ಕನ್ನು ಆಗಾಗ ಹಾಕಿ ತೆಗೆಯುವವರಿಗೆ # ಬೇಡ. ಅದೇ ಸಾಲಿನ ‘ಡಿಫಾಲ್ಟ್ಸ್’ ಪಕ್ಕ ಕಾಮಾ ಹಾಕಿ, ಜಾಗ ಬಿಡದೆ ‘ನೋಫೇಲ್’ ಸೇರಿಸಿ; ಡಿಸ್ಕ್ ಇಲ್ಲದಿದ್ದರೂ ಬೂಟ್ ಮುಂದುವರಿಯುತ್ತೆ.