ಸ್ಟೆಪ್ನಿಗೂ ಗಾಳಿ ಇರಬೇಕು

2019ರ ಆಗಸ್ಟ್ ಮೊದಲ ವಾರ. ಆಶ್ಲೇಷ ಮಳೆ ಹಿಡಿದು ಮೂರು ದಿನವಾಗಿತ್ತು. ಮಲೆನಾಡಿಗೆ ಮಳೆ ಹೊಸದಲ್ಲ, ಆದರೆ ಆ ವರ್ಷದ್ದು ಬೇರೆಯೇ. ಕೊಡಗು, ಚಿಕ್ಕಮಗಳೂರು, ಬೆಳಗಾವಿ ಕಡೆಯೆಲ್ಲ ಮನೆ, ರಸ್ತೆ ಕೊಚ್ಚಿಹೋದ ವರ್ಷ ಅದು. ನಮ್ಮ ಮನೆ ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಿಂದ ಏಳು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಪಕ್ಕ. ನಮಗೆ ಅಂಥ ದೊಡ್ಡ ಅನಾಹುತ ಏನೂ ಆಗಲಿಲ್ಲ. ದರೆ ಮೇಲಿನ ಮರ ಬಿದ್ದು ಲೈನ್ ಹರಿದಿತ್ತು. ನಾಲ್ಕು ದಿನ ಕರೆಂಟ್ ಇರಲಿಲ್ಲ, ಅಷ್ಟೆ.

ಎರಡನೇ ರಾತ್ರಿ ಎರಡು ಗಂಟೆ ಹೊತ್ತಿಗೆ ಅತ್ತೆ ಕರೆದರು. ಅವರಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್. ರಾತ್ರಿ ಊಟ ಸರಿಯಾಗಿ ಮಾಡಿರಲಿಲ್ಲ. "ಕೈಕಾಲು ನಡುಗ್ತಾ ಇದೆ, ಮೈಯೆಲ್ಲ ಬೆವರು ಮಾರಾಯ್ತಿ" ಎಂದರು. ಶುಗರ್ ಇಳಿದಿದೆ ಎಂದು ತಕ್ಷಣ ಗೊತ್ತಾಯಿತು. ಇನ್ವರ್ಟರ್ ಸಂಜೆಯೇ ಕೂಗಿ ಆಫ್ ಆಗಿತ್ತು. ಟಾರ್ಚ್ ತೆಗೆದೆ, ಹತ್ತಲಿಲ್ಲ. ಸೆಲ್ ಸೋರಿ ಸ್ಪ್ರಿಂಗಿಗೆಲ್ಲ ಬಿಳಿ ಪುಡಿ ಹಿಡಿದಿತ್ತು. ಇನ್ನೊಂದು ಚಾರ್ಜ್ ಮಾಡುವ ಟಾರ್ಚ್, ಅದನ್ನು ಚಾರ್ಜ್ ಮಾಡಿ ಎಷ್ಟು ತಿಂಗಳಾಗಿತ್ತೋ. ಮೊಬೈಲ್ ಮಧ್ಯಾಹ್ನವೇ ಸತ್ತಿತ್ತು. ಬೆಂಕಿಪೊಟ್ಟಣ ಥಂಡಿ ಹಿಡಿದು, ಕಡ್ಡಿ ಗೀರಿದರೆ ಮದ್ದು ಉದುರುತ್ತಿತ್ತು. ಕೊನೆಗೆ ಕತ್ತಲಲ್ಲೇ ಅಡುಗೆಮನೆಗೆ ಹೋಗಿ ಡಬ್ಬಿ ತಡಕಾಡಿದೆ. ಉಪ್ಪೋ ಸಕ್ಕರೆಯೋ ಎಂದು ನಾಲಿಗೆಗೆ ಹಾಕಿ ನೋಡಿದೆ. ನಾಲ್ಕು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿದೆ. ಕಾಲು ಗಂಟೆಯಲ್ಲಿ ಅತ್ತೆ ಸುಧಾರಿಸಿಕೊಂಡರು. ನನ್ನ ಕೈ ನಡುಕ ಮಾತ್ರ ಬೆಳಗಿನವರೆಗೂ ನಿಂತಿರಲಿಲ್ಲ.

ಆ ರಾತ್ರಿ ನನ್ನನ್ನು ಕಾಡಿದ್ದು ಒಂದೇ ವಿಷಯ. ನಮ್ಮ ಮನೆಯಲ್ಲಿ ಎಲ್ಲವೂ ಇತ್ತು. ಎರಡು ಟಾರ್ಚ್, ಇನ್ವರ್ಟರ್, ಬೆಂಕಿಪೊಟ್ಟಣ, ಗ್ಲೂಕೋಸ್ ಡಬ್ಬಿ ಕೂಡ. ಬೇಕಾದ ಹೊತ್ತಿಗೆ ಒಂದೂ ಒದಗಲಿಲ್ಲ. ನನ್ನ ಅಪ್ಪ ಬಾಡಿಗೆ ಜೀಪು ಓಡಿಸುತ್ತಿದ್ದರು. ಪ್ರತಿ ಶನಿವಾರ ನಾಲ್ಕು ಚಕ್ರದ ಗಾಳಿ ನೋಡಿದ ಮೇಲೆ ಹಿಂದೆ ಹೋಗಿ ಸ್ಟೆಪ್ನಿಯನ್ನೂ ಕೈಯಿಂದ ಬಡಿದು ನೋಡುತ್ತಿದ್ದರು. ಅದು ಓಡದ ಚಕ್ರ, ಅದಕ್ಯಾಕೆ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಇದು ಓಡುವ ದಿನ ಬೇರೆ ಯಾವುದೂ ಇರಲ್ಲ" ಎಂದಿದ್ದರು. ಅದು ನನಗೆ ಸರಿಯಾಗಿ ಅರ್ಥವಾಗಿದ್ದು ಆ ರಾತ್ರಿ.

ಮೊದಲು ಬೆಳಕಿನಿಂದ ಶುರು ಮಾಡಿದೆ. ಸೆಲ್ ಹಾಕುವ ಟಾರ್ಚಿನ ಒಳಗೆ ಈಗ ಸೆಲ್ ಇಡುವುದಿಲ್ಲ. ಪಕ್ಕದಲ್ಲೇ ಸಣ್ಣ ಡಬ್ಬಿಯಲ್ಲಿ ಇರುತ್ತದೆ. ಹಾಗಿದ್ದರೆ ಅದು ಸೋರಿದರೂ ಟಾರ್ಚ್ ಹಾಳಾಗುವುದಿಲ್ಲ. ಕತ್ತಲಲ್ಲಿ ಸೆಲ್ ಹಾಕುವುದು ಹೇಗೆ ಎಂದು ಕೇಳಬಹುದು. ಕಣ್ಣು ಮುಚ್ಚಿಕೊಂಡು ನಾಲ್ಕು ಸಲ ಹಾಕಿ ಅಭ್ಯಾಸ ಮಾಡಿ, ಬೆರಳಿಗೇ ಗೊತ್ತಾಗುತ್ತದೆ. ಚಾರ್ಜ್ ಮಾಡುವ ಟಾರ್ಚ್ ಅತ್ತೆಯ ಮಂಚದ ತಲೆಯ ಹತ್ತಿರ ಮೊಳೆಗೆ ನೇತು ಹಾಕಿದ್ದೇವೆ. ಅದನ್ನು ತೆಗೆದವರು ಅಲ್ಲೇ ಹಾಕಬೇಕು. ಈ ಒಂದು ವಿಷಯಕ್ಕೆ ನಾನು ಮನೆಯಲ್ಲಿ ಜೋರು ಮಾಡುತ್ತೇನೆ.

ಚಾರ್ಜ್ ಮಾಡುವ ನೆನಪು ಹೇಗೆ ಇಟ್ಟುಕೊಳ್ಳುವುದು? ಮೊಬೈಲಿನಲ್ಲಿ ಅಲಾರಂ ಇಟ್ಟು ನೋಡಿದೆ. ಅದು ಹೊಡೆದಾಗ ಕೈ ಹಿಟ್ಟಾಗಿರುತ್ತಿತ್ತು, ಆಮೇಲೆ ಮರೆಯುತ್ತಿತ್ತು. ಅತ್ತೆ ಸಂಕಷ್ಟಿ ತಪ್ಪಿಸುವವರಲ್ಲ. ಈಗ ಉಪವಾಸ ಇಲ್ಲ, ಆದರೂ ಕ್ಯಾಲೆಂಡರ್ ನೋಡಿ ದಿನ ಹೇಳುತ್ತಾರೆ. ಹಾಗಾಗಿ ಟಾರ್ಚ್, ಪವರ್ ಬ್ಯಾಂಕ್, ಒಳಗೇ ಬ್ಯಾಟರಿ ಇರುವ ಬಲ್ಬ್ ಎಲ್ಲವನ್ನೂ ಸಂಕಷ್ಟಿಯ ದಿನ ಚಾರ್ಜಿಗೆ ಹಾಕುತ್ತೇವೆ. ಐದು ವರ್ಷದ ಮೇಲಾಯಿತು, ಒಂದು ತಿಂಗಳೂ ತಪ್ಪಿಲ್ಲ. ನಿಮ್ಮ ಮನೆಯಲ್ಲಿ ಅಮಾವಾಸ್ಯೆ ಇರಬಹುದು, ಸಂಬಳದ ದಿನ ಇರಬಹುದು. ತಾನಾಗಿ ನೆನಪಿಗೆ ಬರುವ ದಿನಕ್ಕೆ ಗಂಟು ಹಾಕಿ.

ಇನ್ವರ್ಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಎಲ್ಲರೂ ಅದನ್ನೇ ನಂಬಿರುತ್ತಾರೆ. ನಮ್ಮದು 12 ವೋಲ್ಟಿನ 150 ಎಎಚ್ ಬ್ಯಾಟರಿ. ಲೆಕ್ಕಕ್ಕೆ 1800 ವ್ಯಾಟ್ ಅವರ್. ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. 9 ವ್ಯಾಟಿನ ನಾಲ್ಕು ಎಲ್ಇಡಿ ಬಲ್ಬ್ ಮಾತ್ರ ಆದರೆ ದಿನಕ್ಕೆ ನಾಲ್ಕೈದು ಗಂಟೆಯಂತೆ ನಾಲ್ಕು ದಿನ ಸಾಕಾಗುತ್ತಿತ್ತು. ನಾವು ಆ ಸಲ ಮೊದಲ ದಿನವೇ ಟಿವಿ ನೋಡಿ, ಎರಡು ಫ್ಯಾನ್ ಹಾಕಿ ಮುಗಿಸಿದೆವು. ಈಗ ಮಳೆಗಾಲದಲ್ಲಿ ಕರೆಂಟ್ ಹೋಗಿ ಒಂದು ಗಂಟೆಯೊಳಗೆ ಬರದಿದ್ದರೆ, ನಾಲ್ಕು ದಿನ ಬರುವುದಿಲ್ಲ ಎಂದೇ ಲೆಕ್ಕ. ಫ್ಯಾನ್, ಟಿವಿ ಬಂದ್. ಹಗಲು ಇನ್ವರ್ಟರನ್ನೇ ಆಫ್ ಮಾಡುತ್ತೇವೆ. ಏನೂ ಹಾಕದಿದ್ದರೂ ಅದು ಸುಮ್ನೆ ಒಂದಿಷ್ಟು ಕರೆಂಟ್ ತಿನ್ನುತ್ತಲೇ ಇರುತ್ತದೆ. ಬ್ಯಾಟರಿಗೆ ಎರಡು ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡಬೇಕು. ಬಾವಿ ನೀರು ಎಷ್ಟೇ ಶುದ್ಧ ಇದ್ದರೂ ಹಾಕಬಾರದು.

ಕರೆಂಟ್ ಕಂಪ್ಲೇಂಟಿಗೆ 1912 ಇದೆ. ಫೋನ್ ಮಾಡಿದಾಗ ಬಿಲ್ಲಿನ ಮೇಲಿರುವ ಆರ್.ಆರ್. ನಂಬರ್ ಕೈಯಲ್ಲಿದ್ದರೆ ಕೆಲಸ ಹಗುರ. ನಾನು ಅದನ್ನು ಮೀಟರ್ ಬೋರ್ಡಿನ ಮೇಲೇ ಬರೆದು ಅಂಟಿಸಿದ್ದೇನೆ.

ಇನ್ಸುಲಿನ್ ವಿಷಯ ಅತ್ತೆಯಂಥವರು ಇರುವ ಮನೆಗೆಲ್ಲ ಗೊತ್ತಿರಬೇಕು. ಫ್ರಿಜ್ ನಿಂತಿತು ಎಂದು ಆ ಸಲ ನಾನು ಗಾಬರಿಯಾಗಿದ್ದೆ. ಆಮೇಲೆ ಡಾಕ್ಟರ್ ಹತ್ತಿರ ಕುಳಿತು ಕೇಳಿಕೊಂಡೆ. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಬಳಸುತ್ತಿರುವ ಇನ್ಸುಲಿನ್ ಬಾಟಲಿಗೆ ಫ್ರಿಜ್ ಬೇಕೇ ಬೇಕು ಎಂದಿಲ್ಲ. ಹೆಚ್ಚಿನವು ಬಿಸಿಲು ತಾಗದ ತಂಪು ಜಾಗದಲ್ಲಿ 28 ದಿನ ಇರುತ್ತವೆ. ನಿಮ್ಮದರ ಪೊಟ್ಟಣದ ಮೇಲೆ ಏನಿದೆ ನೋಡಿಕೊಳ್ಳಿ. ನಮ್ಮ ಮಳೆಗಾಲದ ಥಂಡಿಯಲ್ಲಿ ಚಿಂತೆಯೇ ಇಲ್ಲ. ಬೇಸಿಗೆಗೆ ಒಂದು ಉಪಾಯ ಮಾಡಿದ್ದೇನೆ. ದೊಡ್ಡ ಮಣ್ಣಿನ ಮಡಕೆ, ಅದರೊಳಗೆ ಸಣ್ಣ ಮಡಕೆ, ನಡುವೆ ಒದ್ದೆ ಮರಳು. ಇನ್ಸುಲಿನ್ ಸಣ್ಣ ಮಡಕೆಯಲ್ಲಿ, ಮೇಲೆ ಒದ್ದೆ ಬಟ್ಟೆ. ಐಸಿಗೆ ತಾಗಿಸಿ ಮಾತ್ರ ಇಡಬೇಡಿ, ಒಮ್ಮೆ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬರುವುದಿಲ್ಲ.

ಗ್ಲೂಕೋಸ್ ಡಬ್ಬಿ ಈಗ ಮೇಲಿನ ಕಪಾಟಿನಲ್ಲಿಲ್ಲ. ಅತ್ತೆಯ ಕೈಗೆ ಎಟುಕುವಲ್ಲಿ, ಕಿಟಕಿ ಪಕ್ಕ. ಡಬ್ಬಿಗೆ ಎರಡು ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ. ಕತ್ತಲಲ್ಲಿ ಮುಟ್ಟಿದರೆ ಇದೇ ಎಂದು ತಿಳಿಯಬೇಕು. ಮಗನಿಗೂ ಹೇಳಿಕೊಟ್ಟಿದ್ದೇನೆ, ಎಚ್ಚರ ಇದ್ದರೆ ಮಾತ್ರ ಕುಡಿಸು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡ, 108ಕ್ಕೆ ಫೋನ್ ಮಾಡು.

ನೀರಿನ ಕಥೆ ಬೇರೆ. ಮನೆ ಹಿಂದೆಯೇ ಬಾವಿ. ಮಳೆಗಾಲದಲ್ಲಿ ಬಗ್ಗಿ ಮೊಗೆಯುವಷ್ಟು ಮೇಲೆ ನೀರು. ಆದರೂ ಆ ನಾಲ್ಕು ದಿನ ನೀರಿಗೆ ಒದ್ದಾಡಿದೆವು. ಪಂಪ್ ಹಾಕಿಸಿದ ಮೇಲೆ ಗಡಗಡೆ ಬಿಚ್ಚಿ ಅಟ್ಟಕ್ಕೆ ಹಾಕಿದ್ದರು. ಹಗ್ಗ ಇಲಿ ಕಡಿದಿತ್ತು. ಈಗ ಗಡಗಡೆ ತನ್ನ ಜಾಗಕ್ಕೆ ಬಂದಿದೆ, ಹಗ್ಗ ಹೊಸದು, ವರ್ಷಕ್ಕೊಮ್ಮೆ ಗಡಗಡೆಗೆ ಎಣ್ಣೆ. ಮಗನಿಗೆ ನೀರು ಸೇದಲು ಬರುತ್ತಿರಲಿಲ್ಲ. ಕೊಡ ಇಳಿಸಿದರೆ ಅದು ತೇಲುತ್ತಾ ನಿಲ್ಲುತ್ತದೆ. ಹಗ್ಗವನ್ನು ಒಂದು ಸಲ ಪಕ್ಕಕ್ಕೆ ಜಗ್ಗಿ ಕೊಡದ ಬಾಯಿ ಕೆಳಗೆ ಮಾಡಬೇಕು, ಆಗ ಮುಳುಗುತ್ತದೆ. ಅತ್ತೆ ಕಟ್ಟೆಯ ಮೇಲೆ ಕುಳಿತು ಅವನಿಗೆ ಕಲಿಸಿದರು. ಎರಡು ಕೊಡ ಬಾವಿಗೆ ಬಿದ್ದವು. ಪಕ್ಕದ ಮನೆಯಿಂದ ಪಾತಾಳಗರಡಿ ತಂದು ಎತ್ತಿದೆವು. ಆ ಕೊಕ್ಕೆಗಳ ಗೊಂಚಲು ನಮ್ಮ ಕೇರಿಗೆ ಒಂದೇ ಇದೆ, ಯಾರ ಮನೆಯಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಎಲ್ಲವನ್ನೂ ಎಲ್ಲರೂ ಇಟ್ಟುಕೊಳ್ಳಬೇಕಾಗಿಲ್ಲ ಎಂದು ನನಗೆ ಹೊಳೆದದ್ದು ಆಗಲೇ. ಉದ್ದದ ಏಣಿ ನಮ್ಮಲ್ಲಿದೆ, ಮರ ಕೊಯ್ಯುವ ಮಿಷನ್ ಅವರಲ್ಲಿದೆ. ನಮ್ಮ ಮನೆಯ ಇನ್ನೊಂದು ಬೀಗದ ಕೈ ಅವರಲ್ಲಿ, ಅವರದ್ದು ನಮ್ಮಲ್ಲಿ.

ಗ್ಯಾಸಿನದು ಸುಲಭ. ಎರಡು ಸಿಲಿಂಡರ್ ಇದ್ದರೂ ಎರಡನೆಯದು ಖಾಲಿ ಕೂತಿರುವುದು ಎಲ್ಲರ ಮನೆಯ ಅನುಭವ. ನಾವು ಹೊಸದನ್ನು ಜೋಡಿಸಿದ ದಿನವೇ ಖಾಲಿಯದಕ್ಕೆ ಬುಕ್ ಮಾಡುತ್ತೇವೆ. ಎಷ್ಟು ಉಳಿದಿದೆ ಎಂದು ನೋಡಲು ಸಿಲಿಂಡರನ್ನು ಒದ್ದೆ ಬಟ್ಟೆಯಿಂದ ಒರೆಸಿ ಬಿಡಿ. ಗ್ಯಾಸ್ ಇರುವವರೆಗಿನ ಭಾಗ ನಿಧಾನ ಒಣಗುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಬಚ್ಚಲ ಒಲೆಗೆ ಒಣ ಸೌದೆ ಹೇಗೂ ಇರುತ್ತದೆ, ಅನ್ನ ಬೇಯಲು ಅದು ಸಾಕು.

ಸಣ್ಣಪುಟ್ಟದ್ದಕ್ಕೆ ಒಂದು ಹಳೇ ಬಿಸ್ಕತ್ ಡಬ್ಬಿ ಮಾಡಿದ್ದೇನೆ. ಕುಕ್ಕರಿನ ಗ್ಯಾಸ್ಕೆಟ್, ನಲ್ಲಿಯ ವಾಷರ್, ಬಿಳಿ ಟೇಪು, ಫ್ಯೂಸ್ ತಂತಿ, ಸೂಜಿ ದಾರ, ಅತ್ತೆಯ ಹಳೇ ಕನ್ನಡಕ, ಒಆರ್‌ಎಸ್ ಪೊಟ್ಟಣ. ಒಆರ್‌ಎಸ್ ಮುಗಿದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಣ್ಣ ಚಮಚದಲ್ಲಿ ಮಟ್ಟಸವಾಗಿ ಆರು ಸಕ್ಕರೆ, ಅರ್ಧ ಉಪ್ಪು. ಬೆಂಕಿಪೊಟ್ಟಣ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ.

ಇದೆಲ್ಲ ಮನೆಯೊಳಗಿನದಾಯಿತು. ಮನೆಯ ಹೊರಗೆ ನಾನು ಕಲಿತದ್ದು 2023ರ ಕೊನೆಗೆ, ಶಿವಮೊಗ್ಗದಲ್ಲಿ. ಬಸ್‌ಸ್ಟ್ಯಾಂಡಿನಲ್ಲಿ ಫೋನ್ ಕೈಜಾರಿ ನೀರಿಗೆ ಬಿತ್ತು. ಮತ್ತೆ ಹತ್ತಲಿಲ್ಲ. ದುಡ್ಡೆಲ್ಲ ಫೋನಿನಲ್ಲಿ. ಪರ್ಸಿನಲ್ಲಿ ಹತ್ತು ರೂಪಾಯಿ. ಯಾರಾದರೂ ಫೋನ್ ಕೊಡುತ್ತಾರೆ, ಆದರೆ ಯಾವ ನಂಬರಿಗೆ ಮಾಡುವುದು? ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡನ ನಂಬರ್ ನನಗೆ ಬಾಯಿಗೆ ಬರಲಿಲ್ಲ. ಅಲ್ಲಿಯೇ ಕಣ್ಣಲ್ಲಿ ನೀರು ಬಂತು. ಆಧಾರ್ ಕಾರ್ಡ್ ಪರ್ಸಿನಲ್ಲಿತ್ತು. ಶಕ್ತಿ ಯೋಜನೆ ಶುರುವಾಗಿ ಕೆಲವು ತಿಂಗಳಾಗಿತ್ತು. ಕಾರ್ಡ್ ತೋರಿಸಿ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಪಡೆದು ಸಾಗರಕ್ಕೆ ಬಂದೆ. ಕಾರ್ಡ್ ಕೂಡ ಫೋನಿನಲ್ಲೇ ಇದ್ದಿದ್ದರೆ ಏನು ಮಾಡುತ್ತಿದ್ದೆನೋ.

ಈಗ ಪರ್ಸಿನ ಒಳಜೇಬಿನಲ್ಲಿ ಐನೂರು ರೂಪಾಯಿ, ಎಲ್ಲ ನೂರು ಐವತ್ತರ ನೋಟು. ಅದರ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಚೀಟಿ. ಗಂಡನ ನಂಬರ್, ಮಗಳ ನಂಬರ್, ಪಕ್ಕದ ಮನೆ ಅಕ್ಕನದ್ದು, ನನ್ನ ರಕ್ತದ ಗುಂಪು, ಅತ್ತೆಯ ಔಷಧಿಯ ಹೆಸರುಗಳು. ಗಂಡನ, ಮಗಳ ನಂಬರ್ ಬಾಯಿಪಾಠ ಮಾಡಿಕೊಂಡೆ. ಮಗ್ಗಿಯ ಹಾಗೆ ದಿನಾ ಹೇಳಿಕೊಂಡರೆ ಒಂದು ವಾರ ಸಾಕು. ಮನೆಯಲ್ಲೂ ಮೂರು ಸಾವಿರ ನಗದು ಇರುತ್ತದೆ, ಏಕೆಂದರೆ ನಾಲ್ಕು ದಿನ ಕರೆಂಟ್ ಇಲ್ಲದಿದ್ದರೆ ಟವರ್ ಕೂಡ ಸಾಯುತ್ತದೆ, ಅಂಗಡಿಯಲ್ಲಿ ಸ್ಕ್ಯಾನ್ ಮಾಡಲು ಬರುವುದಿಲ್ಲ. ಫೋನಿನಲ್ಲಿ *#06# ಒತ್ತಿದರೆ ಬರುವ ನಂಬರನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಫೋನ್ ಕಳೆದರೆ ಪೊಲೀಸರಿಗೆ, ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಬ್ಲಾಕ್ ಮಾಡಿಸಲಿಕ್ಕೆ ಅದು ಬೇಕು. ಖಾತೆಯಿಂದ ಮೋಸದಿಂದ ದುಡ್ಡು ಹೋದರೆ 1930, ತಡ ಮಾಡದೆ. ಇವೆಲ್ಲ ಅಡುಗೆಮನೆ ಬಾಗಿಲ ಹಿಂದೆ ಬಾಲ್ ಪೆನ್ನಿನಲ್ಲಿ ಬರೆದಿದೆ. ಸ್ಕೆಚ್ ಪೆನ್ನಿನಲ್ಲಿ ಬರೆದದ್ದು ಮಳೆಗಾಲದ ಥಂಡಿಗೆ ಹರಡಿ ಅಳಿಸಿಹೋಗಿತ್ತು.

ಪ್ರತಿ ವರ್ಷ ಮೃಗಶಿರ ಮಳೆಗೆ ಮುಂಚೆ, ಜೂನ್ ಮೊದಲ ವಾರ, ಒಂದು ಸಂಜೆ ನಾನು ಮೇನ್ ಸ್ವಿಚ್ ಇಳಿಸುತ್ತೇನೆ. ಇನ್ವರ್ಟರೂ ಆಫ್. ಯಾರಿಗೂ ಮೊದಲೇ ಹೇಳುವುದಿಲ್ಲ. ಒಂದು ಗಂಟೆ ಹಾಗೇ ಇರಬೇಕು. ಅಡುಗೆ, ನೀರು, ಔಷಧಿ ಎಲ್ಲ ನಡೆಯಬೇಕು. ಏನು ಸಿಗಲಿಲ್ಲ, ಏನು ಹತ್ತಲಿಲ್ಲ ಎಂದು ಬರೆದುಕೊಳ್ಳುತ್ತೇನೆ.

ಈ ವರ್ಷ ಎಲ್ಲ ಸರಾಗ ನಡೆಯಿತು. ಮಗ ಟಾರ್ಚ್ ತಂದ, ಎರಡು ಕೊಡ ನೀರು ಸೇದಿದ, ಬಚ್ಚಲ ಒಲೆಯಲ್ಲಿ ಗಂಜಿ ಆಯಿತು. ನಾವು ಜಗಲಿಯಲ್ಲಿ ಕುಳಿತು ಮಾತಾಡುತ್ತಿದ್ದೆವು. ಅತ್ತೆ ಮಾತ್ರ ಸುಮ್ಮನಿದ್ದರು. ಏನಾಯಿತು ಎಂದು ಹತ್ತಿರ ಹೋಗಿ ಜೋರಾಗಿ ಕೇಳಿದೆ. "ಕಿವಿ ಮಿಷನ್ ಸೆಲ್ ಮುಗಿದು ಎರಡು ದಿನ ಆಯ್ತು. ನೀವೆಲ್ಲ ಗಡಿಬಿಡಿಯಲ್ಲಿ ಇದ್ರಿ" ಎಂದರು. ಬೆಳಕಿದ್ದಾಗ ನಮ್ಮ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರಂತೆ. ಕತ್ತಲಲ್ಲಿ ಅದೂ ಇಲ್ಲ. ಆರು ವರ್ಷ ಪಟ್ಟಿ ಮಾಡಿದ್ದೇನೆ, ಇದು ನನ್ನ ಒಂದು ಪಟ್ಟಿಯಲ್ಲೂ ಇರಲಿಲ್ಲ.

ಮಾರನೇ ದಿನ ಸಾಗರಕ್ಕೆ ಹೋಗಿ ತಂದೆ. ಅವರದ್ದು 312 ಸೈಜು, ಕಂದು ಸ್ಟಿಕ್ಕರಿನದು, ಒಂದು ಹಾಳೆಗೆ ಆರು ಸೆಲ್. ಸ್ಟಿಕ್ಕರ್ ಕಿತ್ತು ಗಾಳಿ ತಾಗಿದ ಕೂಡಲೇ ಇದು ಕೆಲಸ ಶುರು ಮಾಡುತ್ತದೆ, ಮತ್ತೆ ಅಂಟಿಸಿದರೂ ಉಳಿಯುವುದಿಲ್ಲ. ಹಾಗಾಗಿ ಹಾಕುವ ಹೊತ್ತಿಗೇ ಕೀಳಬೇಕು. ಒಂದು ಹಾಳೆ ಬಿಸ್ಕತ್ ಡಬ್ಬಿಗೆ ಹಾಕಿದೆ. ಇನ್ನೊಂದು ಅತ್ತೆಯ ಎಲೆಅಡಿಕೆ ಸಂಚಿಯಲ್ಲಿದೆ, ಅದನ್ನು ಅವರು ಎಲ್ಲೂ ಬಿಟ್ಟು ಹೋಗುವುದಿಲ್ಲ.