ದವಡೆಗೆ ತಂತಿ ಬಿಗಿದಿರುವಾಗ ಮನಸ್ಸನ್ನು ನೋಡಿಕೊಳ್ಳುವುದು ಹೇಗೆ

ದವಡೆಯ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಹೊರಡುವಾಗ ಆಸ್ಪತ್ರೆಯವರು ಒಂದು ಚೀಟಿ ಕೊಡುತ್ತಾರೆ. ಆಂಟಿಬಯಾಟಿಕ್, ನೋವಿನ ಔಷಧ, ಬಾಯಿ ಮುಕ್ಕಳಿಸುವ ದ್ರಾವಣ, ಮುಂದಿನ ಭೇಟಿಯ ದಿನ. ನನ್ನ ಚೀಟಿಯಲ್ಲಿ ಮನಸ್ಸಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ಶಾಲಾ ಶಿಕ್ಷಕಿ. ಸ್ಕೂಟರಿನಿಂದ ಬಿದ್ದು ಕೆಳದವಡೆ, ಕೆನ್ನೆಮೂಳೆ ಎರಡೂ ಮುರಿದು, ಟೈಟಾನಿಯಂ ಪ್ಲೇಟು ಹಾಕಿಸಿಕೊಂಡು, ಮೇಲಿನ ಕೆಳಗಿನ ಹಲ್ಲುಗಳನ್ನು ತಂತಿಯಿಂದ ಬಿಗಿಸಿಕೊಂಡು ಮಲಗಿದ್ದೆ. ಚೀಟಿಯಲ್ಲಿ ಇಲ್ಲದ ಆ ಸಾಲುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕನ್ನಡಿಯ ವಿಷಯ. ಬಾವು ಎರಡು ಮೂರನೇ ದಿನಕ್ಕೆ ಅತಿ ಹೆಚ್ಚಾಗುತ್ತದೆ. ಆಗ ಕಾಣುವುದು ನಿಮ್ಮ ಮುಂದಿನ ಮುಖವಲ್ಲ. ಹೆಚ್ಚಿನ ಬಾವು ಕೆಲವು ವಾರಗಳಲ್ಲಿ ಇಳಿದರೂ ಉಳಿದದ್ದಕ್ಕೆ ತಿಂಗಳುಗಳು ಬೇಕು. ಗಾಯದ ಗುರುತು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬದಲಾಗುತ್ತಲೇ ಇರುತ್ತದೆ. ಕನ್ನಡಿಗೆ ಬಟ್ಟೆ ಮುಚ್ಚಬೇಡಿ, ಗಂಟೆಗೊಮ್ಮೆ ಅದರ ಮುಂದೆ ನಿಲ್ಲಲೂ ಬೇಡಿ. ಹಲ್ಲು ಶುಚಿ ಮಾಡುವಾಗ ನೋಡಿದರೆ ಸಾಕು. ವಾರಕ್ಕೊಂದು ಫೋಟೊ ತೆಗೆಯಿರಿ, ಅದೇ ಕಿಟಕಿ, ಅದೇ ಬೆಳಕು. ದಿನದಿನಕ್ಕೆ ಗೊತ್ತಾಗದ ಬದಲಾವಣೆ ಅದರಲ್ಲಿ ಕಾಣುತ್ತದೆ.

ನನ್ನನ್ನು ಹೆಚ್ಚು ಕುಗ್ಗಿಸಿದ್ದು ಗಾಯಕ್ಕಿಂತ ಮರಗಟ್ಟಿದ ಕೆಳತುಟಿ. ಜೊಲ್ಲು ಗಲ್ಲಕ್ಕೆ ಇಳಿದು ರವಿಕೆ ಒದ್ದೆಯಾದ ಮೇಲೆಯೇ ತಿಳಿಯುತ್ತಿತ್ತು. ಹೆಗಲ ಮೇಲೆ ಮೆತ್ತನೆಯ ಹತ್ತಿ ಬಟ್ಟೆ ಇರಲಿ. ನರ ಚೇತರಿಸಿಕೊಳ್ಳಲು ತಿಂಗಳುಗಳು ಹಿಡಿಯಬಹುದು, ಕೆಲವರಲ್ಲಿ ಪೂರ್ತಿ ಸರಿಯಾಗದೆಯೂ ಇರಬಹುದು. ನಿಮ್ಮದು ಯಾವ ಬಗೆಯದು ಎಂದು ವೈದ್ಯರನ್ನೇ ಕೇಳಿ.

ಹಸಿವು ಮನಸ್ಸನ್ನು ಇನ್ನಷ್ಟು ಕೆಳಕ್ಕೆ ಎಳೆಯುತ್ತದೆ. ಎರಡು ಗಂಟೆಗೊಮ್ಮೆ ಏನಾದರೂ ಕುಡಿಯಿರಿ: ತೆಳ್ಳಗಿನ ರಾಗಿ ಗಂಜಿ, ಸೋಸಿದ ಬೇಳೆ ಕಟ್ಟು, ಹಾಲು, ಮಜ್ಜಿಗೆ. ವಾಂತಿಯಾಗಿ ಉಸಿರು ಕಟ್ಟಿದರೆ ತಂತಿ ಕತ್ತರಿಸುವ ಇಕ್ಕಳ ತಲೆದಿಂಬಿನ ಹತ್ತಿರವೇ ಇರಲಿ. ಯಾವ ತಂತಿ ಕತ್ತರಿಸಬೇಕೆಂದು ಆಸ್ಪತ್ರೆಯಲ್ಲೇ ಕೇಳಿ ತಿಳಿದುಕೊಳ್ಳಿ. ಇಕ್ಕಳ ಕೈಗೆಟಕುವಲ್ಲಿದೆ ಎಂದು ಗೊತ್ತಿದ್ದರೇ ರಾತ್ರಿಯ ಭಯ ಅರ್ಧ ಇಳಿಯುತ್ತದೆ.

ನೋಡಲು ಬಂದವರು “ಅಯ್ಯೋ, ಮುಖ ಹೀಗಾಯಿತಲ್ಲ” ಎನ್ನುತ್ತಾರೆ. ಪ್ರೀತಿಯಿಂದಲೇ ಅಂದರೂ ಅದು ಚುಚ್ಚುತ್ತದೆ. ನಾನು ಸ್ಲೇಟಿನ ಮೇಲೆ ಬರೆದಿಟ್ಟಿದ್ದೆ: “ಮುಖದ ಮಾತು ಬೇಡ. ಊರಿನ ಸುದ್ದಿ ಹೇಳಿ.” ನೀವೂ ಸಂಕೋಚವಿಲ್ಲದೆ ಬರೆದಿಡಿ.

ಅಳು, ಸಿಡುಕು, ಅಪಘಾತದ ಕನಸು ಮೊದಲ ದಿನಗಳಲ್ಲಿ ಬರುವಂಥವೇ. ಆದರೆ ದಿನದ ಬಹುಪಾಲು ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ದೆಗೇಡು, “ನಾನು ಯಾರಿಗೂ ಬೇಡ” ಎಂಬ ಯೋಚನೆ ಎರಡು ವಾರ ಬಿಡದೆ ಇದ್ದರೆ ಅದನ್ನು ಖಿನ್ನತೆ ಎಂದೇ ತಿಳಿದು ವೈದ್ಯರಿಗೆ ಹೇಳಿ. ಬಾಯಿ ಕಟ್ಟಿರುವುದರಿಂದ ತಲೆಯಾಡಿಸಿ ಬಂದುಬಿಡುವುದು ಸುಲಭ. ಹಿಂದಿನ ರಾತ್ರಿಯೇ ಕಾಗದದಲ್ಲಿ ಬರೆದು ಕೈಗೆ ಕೊಡಿ. ಮನೋವೈದ್ಯರಿಗೆ ನೀವು ತೆಗೆದುಕೊಳ್ಳುವ ನೋವಿನ ಔಷಧದ ಹೆಸರು ತೋರಿಸಲೇಬೇಕು. ಟ್ರಮಡಾಲ್ ಎಂಬ ನೋವಿನ ಔಷಧ ಮತ್ತು ಕೆಲವು ಖಿನ್ನತೆಯ ಮಾತ್ರೆಗಳು ಒಟ್ಟಿಗೆ ಅಪಾಯಕಾರಿ. ಎಲ್ಲ ಮಾತ್ರೆಗಳನ್ನೂ ಪುಡಿ ಮಾಡಿ ಕುಡಿಯುವಂತಿಲ್ಲ, ದ್ರವರೂಪದ ಔಷಧ ಇದೆಯೇ ಎಂದು ಕೇಳಿ. ಖಿನ್ನತೆಯ ಮಾತ್ರೆಯಿಂದ ಗುಣ ಕಾಣಲು ಕೆಲವು ವಾರ ಬೇಕು. ಅಷ್ಟರಲ್ಲಿ ನೀವಾಗಿಯೇ ನಿಲ್ಲಿಸಬೇಡಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ನಿಮಗೆ ಮಾತು ಕಷ್ಟವಾದರೆ ಮನೆಯವರು ಸ್ಪೀಕರ್ ಹಾಕಿ ನೀವು ಬರೆದದ್ದನ್ನು ಓದಲಿ. ಸಾಯುವ ಯೋಚನೆ ಬಂದರೆ ಒಬ್ಬರೇ ಇರಬೇಡಿ. ಹತ್ತಿರದವರಿಗೆ ತಕ್ಷಣ ತಿಳಿಸಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇಲ್ಲವೇ 112ಕ್ಕೆ ಕರೆ ಮಾಡಿಸಿ.

ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೆ ತಂತಿ ಬಿಚ್ಚುತ್ತಾರೆ. ಎಲ್ಲ ಮುಗಿಯಿತೆಂದು ಮನೆಯವರು ಹಗುರಾಗುತ್ತಾರೆ, ನಿಮ್ಮ ಬಾಯಿ ಮಾತ್ರ ಒಂದು ಬೆರಳಿನಷ್ಟೂ ತೆರೆಯದಿರಬಹುದು. ಬೇಸರ ಮತ್ತೆ ಮೇಲೇಳುವುದು ಆಗಲೇ. ಆದ್ದರಿಂದ ಆಪ್ತಸಮಾಲೋಚಕರ ಭೇಟಿಯನ್ನು ತಂತಿ ಬಿಚ್ಚಿದ ನಂತರದ ವಾರಗಳಿಗೂ ಈಗಲೇ ಗೊತ್ತು ಮಾಡಿಕೊಳ್ಳಿ.